ಕುದುರೆ ಹೇಳಿದ ಕತೆ

"ಬಾಗಿಲು ತಳ್ಳಿದೆ. ಒಳಗೆ ಏನಿದೆ?" ಜಗನ್ಮೋಹನ್ ಕೇಳಿದ.

ಆ ಬಾಗಿಲು ಪದ್ಮಾಳ ಕತೆಯಲ್ಲಿ ಇರಲೇ ಇಲ್ಲ. ಹಾಳು ಕೋಟೆ, ಕೋಟೆಯಲ್ಲಿ ಬಾವಿ, ಬಾವಿಯಲ್ಲಿ ರಾಕ್ಷಸ. ವಾರವೆಲ್ಲ ಯೋಚಿಸಿ ಇಟ್ಟುಕೊಂಡದ್ದು ಅಷ್ಟೆ. ವೀರರು ನೆಟ್ಟಗೆ ಬಾವಿಗೆ ಹೋಗಬೇಕಿತ್ತು. ಇವರೋ ಗೋಡೆ ತಡವುತ್ತಾ ಕೂತರು. ದಾಳ ಬೇರೆ ಅವರ ಕಡೆಗೇ ಬಿತ್ತು. ಬಾಗಿಲು ಸಿಕ್ಕೇಬಿಟ್ಟಿತು.

ಜಗನ್ಮೋಹನನ ಮಾವ ಹಡಗಿನಲ್ಲಿ ಕೆಲಸಕ್ಕಿದ್ದರು. ಯಾವುದೋ ದೇಶದಿಂದ ಅವರು ತಂದ ಆಟ ಇದು. ಕರೆಂಟ್ ಹೋದ ಸಂಜೆ ಮಕ್ಕಳು ಮೆಟ್ಟಿಲ ಕೆಳಗೆ ಸೇರಿ ಆಡುತ್ತಿದ್ದರು. ಒಬ್ಬರು ಕತೆ ಹೇಳಬೇಕು. ಉಳಿದವರು ಆ ಕತೆಯ ವೀರರು. ಏನು ಮಾಡುತ್ತೇವೆಂದು ಹೇಳಿ ದಾಳ ಎಸೆಯಬೇಕು. ಪುಸ್ತಕದ ಇಂಗ್ಲಿಷ್ ಅರ್ಥವಾಗದೆ, ಮಕ್ಕಳು ತಾವೇ ರೂಲ್ಸ್ ಮಾಡಿಕೊಂಡಿದ್ದರು. ಹೊಸಬರು ಕುದುರೆ ಆಗಬೇಕು ಎನ್ನುವುದು ಅದರಲ್ಲೊಂದು.

ಅಪ್ಪನಿಗೆ ವಿಜಯವಾಡದ ಒನ್ ಟೌನ್‌ನಿಂದ ಬಂದರಿನ ಹತ್ತಿರದ ಗಾಜುವಾಕದ ಬ್ಯಾಂಕಿಗೆ ಟ್ರಾನ್ಸ್‌ಫರ್ ಆದಾಗಿನಿಂದ ಪದ್ಮಾ ಕುದುರೆ. ಕುದುರೆ ಮಾತಾಡುವ ಹಾಗಿಲ್ಲ. ಮೂಟೆ ಹೊತ್ತು ಕೆನೆಯಬೇಕು.

ಇವತ್ತು ಮೊದಲ ಸಲ ಕತೆ ಅವಳದು. ಕರೆಂಟ್ ಬರುವ ತನಕ ಕತೆ ನಿಲ್ಲಬಾರದು. ನಿಂತರೆ ಮತ್ತೆ ಕುದುರೆ.

"ಏಮೇ, ಚೆಪ್ಪವೇ!" ಹೇಳೇ ಎಂದು ತೆಲುಗಿನಲ್ಲಿ ಅವಸರಪಡಿಸಿದ ಪಕ್ಕದ ಮನೆಯ ಕಾಮೇಶ್ವರ. "ಕುದುರೆ ಮಾತು ಮರೀತು ರೋ!" ಅವನು ಕೆನೆದೂ ತೋರಿಸಿದ.

"ನೀರು ಕುಡಿದು ಬರ್ತೀನಿ," ಎಂದವಳೇ ಪದ್ಮಾ ಮೆಟ್ಟಿಲು ಹತ್ತಿ ಓಡಿದಳು.

ಅಮ್ಮ ಲಾಟೀನಿನ ಬೆಳಕಿನಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

"ಅಮ್ಮಾ, ನಂಗೆ ಭಯಂ ಆಗ್ತಿದೆ. ಬಾಗಿಲ ಹಿಂದೆ ಏನಿದೆ ಅಂತ ನಂಗೇ ಗೊತ್ತಿಲ್ಲ!"

"ಯಾವ ಬಾಗಿಲೇ?"

ಪದ್ಮಾ ಹೊರಗಿನ ತೆಲುಗು, ಮನೆಯ ಕನ್ನಡ ಬೆರೆಸಿ ಎಲ್ಲ ಹೇಳಿದಳು. ಅಮ್ಮ ನಗಲಿಲ್ಲ.

"ನಮ್ಮಜ್ಜಿ ಕತೆ ಹೇಳೋವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಅಜ್ಜಿ ಕತೆನೂ ನಿಲ್ಲಿಸೋರು. 'ಮುಂದೆ ಏನು ಕಾಣ್ತಿದೆ, ನೀವೇ ನೋಡಿ ಹೇಳ್ರೇ' ಅನ್ನೋರು. ಎಷ್ಟೋ ದಿನ ಅವರಿಗೂ ಮುಂದಿನದು ಗೊತ್ತಿರ್ತಿರಲಿಲ್ಲ ಅನ್ಸುತ್ತೆ."

"ಕೆಳಗೆ ಆ ಹುಡುಗರು ಏನೇನೋ ಹೇಳಿದ್ರೆ?"

"ಅದನ್ನೇ ಹಿಡ್ಕೊಂಡು ಹೋಗು."

ಪದ್ಮಾ ಕೆಳಗೆ ಬಂದಳು. ಮೆಟ್ಟಿಲ ಕೆಳಗೆ ಮೇಣದ ಬತ್ತಿ ಇನ್ನೂ ಉರಿಯುತ್ತಿತ್ತು. ಲಂಗ ಎಳೆದುಕೊಂಡು ಕೂತಳು.

"ಬಾಗಿಲು ಪೂರ್ತಿ ತೆರೆದಿಲ್ಲ. ಒಂದು ಬೆರಳು ತೂರುವಷ್ಟು ಸಂದು, ಅಷ್ಟೇ. ಕಿವಿ ಇಟ್ಟು ಕೇಳಿ. ಏನು ಕೇಳಿಸ್ತಿದೆ?"

ಯಾರೂ ಹೂಂ ಅನ್ನಲಿಲ್ಲ. ಮುಗಿಯಿತು, ಇನ್ನು ಶಾಲೆ ಓದಿ ಮುಗಿಸುವವರೆಗೂ ನಾನು ಕುದುರೆಯೇ, ಎಂದುಕೊಂಡಳು ಪದ್ಮಾ.

"ನೀರು."

ಹೇಳಿದ್ದು ದುರ್ಗಾಂಬ, ಜಗನ್ಮೋಹನನ ಪುಟ್ಟ ತಂಗಿ. ಆಟದಲ್ಲಿ ಅವಳು ಬಾಯಿ ಬಿಟ್ಟವಳೇ ಅಲ್ಲ. "ನೀರು ಬಾಗಿಲನ್ನ ತಳ್ತಿದೆ. ತುಫಾನ್ ದಿನ ತಳ್ಳಿತಲ್ಲ, ಹಾಗೆ."

ಕಾಮೇಶ್ವರ ಕೆನೆಯಲಿಲ್ಲ. ಚಂಡಮಾರುತದ ನೀರು ಮನೆ ಬಾಗಿಲಿಗೆ ಬಂದ ಆ ದಿನವನ್ನು ಯಾರೂ ಮರೆತಿರಲಿಲ್ಲ.

"ಹೌದು, ನೀರು," ಪದ್ಮಾ ದನಿ ತಗ್ಗಿಸಿದಳು. "ನೀರಿನಲ್ಲಿ ನಿಂತು ಯಾರೋ ಬಾಗಿಲು ಬಡೀತಿದ್ದಾರೆ. ತೆಗೆದರೆ ನೀರೂ ನಿಮ್ಮ ಮೇಲೆ ನುಗ್ಗುತ್ತೆ. ತೆಗೀತೀರಾ?"

"ತೆಗೀಬೇಕು," ಎಂದ ಜಗನ್ಮೋಹನ್ ಥಟ್ಟನೆ. "ಬಡೀತಿರೋದು ನಮ್ಮ ಮಾವ ಆಗಿದ್ರೆ?"

ಅವನು ದಾಳ ಎತ್ತಿಕೊಂಡ, ಎಸೆಯಲಿಲ್ಲ. ಮುಷ್ಟಿ ಮುಚ್ಚಿಕೊಂಡು ತಂಗಿಯ ಕಡೆ ನೋಡಿದ. ಅವನಿಗೂ ತನ್ನ ಹಾಗೆಯೇ ಭಯ ಎಂದು ಪದ್ಮಾಗೆ ತಿಳಿಯಿತು.

ಫಕ್ಕನೆ ಕರೆಂಟ್ ಬಂತು. ಮೇಲಿನ ಮನೆಗಳಲ್ಲಿ ಫ್ಯಾನುಗಳು ತಿರುಗಿದವು. ಆಟ ಮುಗಿದಂತೆಯೇ.

ಯಾರೂ ಏಳಲಿಲ್ಲ.

ಜಗನ್ಮೋಹನ್ ಒಬ್ಬನೇ ಎದ್ದ. ಮೆಟ್ಟಿಲ ಬಲ್ಬ್ ಆರಿಸಿ, ಬಂದು ತಂಗಿಗೆ ಅಂಟಿಕೊಂಡು ಕೂತ.

"ಹೂಂ," ಎಂದ ಮೇಣದ ಬತ್ತಿಯ ಬೆಳಕಲ್ಲಿ. "ಆಮೇಲೆ?"