ಮೊದಲು ಬರುವ ವಿಳಾಸ

ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಾಗ ಅವಳ ಜೊತೆಗಿದ್ದದ್ದು ಒಂದು ತಳ್ಳುಗಾಡಿ ಮಾತ್ರ. ಅದರ ತುಂಬ ಹೊಲಿದು ಮಡಿಸಿಟ್ಟ ಆಸ್ಪತ್ರೆಯ ಚಾದರಗಳು. ದೀಪವೂ ಆರಿತು. ಅವಳು ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದಳು, ಬಾಗಿಲು ಬಡಿದಳು.

ಆಗ ತಲೆಯ ಮೇಲಿನಿಂದ ಒಂದು ದನಿ ಬಂತು. ಗಂಡಸಿನ ದನಿ, ಆತುರವಿಲ್ಲದ್ದು.

"ಒಳಗೆ ಯಾರಿದ್ದೀರಿ?"

"ಹೊಲಿಗೆ ಕೋಣೆಯವಳು. ಬೇಗ ತೆಗೀರಿ, ಉಸಿರು ಕಟ್ತಿದೆ."

"ಉಸಿರು ಕಟ್ಟಿದೋರು ಇಷ್ಟು ಜೋರಾಗಿ ಬಾಗಿಲು ಗುದ್ದಲ್ಲ. ಇಲ್ಲಿ ಕೇಳಿ. ಮೇಲಿಂದ ಮೊದಲನೇ ಗುಂಡಿ ಒತ್ತಿ. ಮೊದಲನೇದು ಒಂದೇ. ಬೇರೇನೂ ಮುಟ್ಟಬೇಡಿ."

ಅವಳು ತಡವರಿಸಿ ಒತ್ತಿದಳು. ಮಂಕಾದ ಒಂದು ದೀಪ ಹತ್ತಿಕೊಂಡಿತು. ಆ ಬೆಳಕಿಗಿಂತ ಆ ದನಿಯೇ ಅವಳಿಗೆ ಹೆಚ್ಚು ಧೈರ್ಯ ಕೊಟ್ಟಿತು.

ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನು ಮೇಲೆ ಕೆಲಸ ಮಾಡುತ್ತ ಮಾತಾಡಿಸುತ್ತಲೇ ಇದ್ದ. ಚಾದರ ಹೇಗೆ ಹರಿಯುತ್ತದೆ, ತೇಪೆ ಹೇಗೆ ಹಾಕುತ್ತಾರೆ ಎಂದೆಲ್ಲ ಕೇಳಿದ. ತನ್ನ ಅಂಗಿಯ ಜೇಬು ಹರಿದು ತಿಂಗಳಾಯಿತು ಎಂದೂ ಹೇಳಿದ. ಬಾಗಿಲು ತೆರೆದಾಗ ಅವಳಿಗೆ ಮೊದಲು ಕಂಡದ್ದು ಎಣ್ಣೆ ಮೆತ್ತಿದ ಎರಡು ಕೈಗಳು. ಆಮೇಲೆ ನಗು.

ಮರುದಿನ ಅವನು ಜೇಬು ಹರಿದ ಅಂಗಿ ಹಿಡಿದು ಹೊಲಿಗೆ ಕೋಣೆಗೆ ಬಂದ. ಹರಿದಿದ್ದದ್ದು ನಿಜ. ಆದರೆ ಅದಾದ ಮೇಲೆ ಬಂದ ನಾಲ್ಕು ಅಂಗಿಗಳನ್ನು ಅವನೇ ಹರಿದುಕೊಂಡು ತಂದಿದ್ದ. ಹೊಲಿಗೆಯವಳಿಗೆ ಅದು ತಿಳಿಯದೇ ಇರುತ್ತದೆಯೇ? ತಾನಾಗಿ ಸವೆದು ಹರಿದದ್ದು ಬೇರೆ, ಕೈಯಿಂದ ಸೀಳಿದ್ದು ಬೇರೆ. ಆದರೂ ಅವಳು ಹೊಲಿದುಕೊಟ್ಟಳು.

ಅವಳ ನಾಲಿಗೆ ಚೂಪು ಎಂದು ಆಸ್ಪತ್ರೆಯವರೆಲ್ಲ ಅವಳನ್ನು 'ಸೂಜಿ' ಎಂದೇ ಕರೆಯುತ್ತಿದ್ದರು. ಆ ಸೂಜಿ ಅವನ ಮುಂದೆ ಮಾತ್ರ ಮೆತ್ತಗಾಗುತ್ತಿತ್ತು.

ಅವನಿಗಿದ್ದದ್ದು ತಾಯಿಯೊಬ್ಬರೇ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಅವಳು ಮೊದಲ ಸಲ ಹೋದ ದಿನವೇ ಆ ತಾಯಿ, ಸೂಜಿ ಚುಚ್ಚಿ ಗಟ್ಟಿಯಾಗಿದ್ದ ಅವಳ ಬೆರಳುಗಳನ್ನು ಹಿಡಿದು ನೋಡಿ, ಇವನಿಗೆ ಅಂಗಿ ಹರಿಯೋದೊಂದು ಬಿಟ್ಟು ಬೇರೇನೂ ಬರಲ್ಲ ಮಗಳೇ, ನೋಡಿಕೊಂಡು ಒಪ್ಪಿಕೋ ಎಂದು ನಕ್ಕಿದ್ದರು.

ಎಲ್ಲವೂ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಅವನಿಗೆ ಕಡಲಾಚೆ ಕೆಲಸ ಸಿಕ್ಕಿತು. ಎತ್ತರದ ಕಟ್ಟಡಗಳಿಗೆ ಲಿಫ್ಟು ಕೂರಿಸುವ ಕಂಪನಿ. ಎರಡು ವರ್ಷ ಹೋಗಿ ಬಂದು ಮದುವೆಯಾಗೋಣ ಎಂದ. ಆಗಿನ್ನೂ ಎಲ್ಲರ ಕೈಗೂ ಫೋನು ಬಂದಿರಲಿಲ್ಲ. ಹೊಲಿಗೆ ಕೋಣೆಯಲ್ಲಿ ನೂಲು ತರಿಸಲೆಂದು ಒಂದು ಹಳೇ ಕಂಪ್ಯೂಟರ್ ಇತ್ತು. ಹೋಗುವ ಮುಂಚೆ ಅವನು ಅದರ ಮುಂದೆ ಅವಳನ್ನು ಕೂರಿಸಿ, ಇಮೇಲ್ ಕಳಿಸುವುದನ್ನು ಹೇಳಿಕೊಟ್ಟ.

"ಇಲ್ಲಿ ಒತ್ತಿದರೆ ಹೊಸ ಕಾಗದ. ಇಲ್ಲಿ ನನ್ನ ಹೆಸರಿನ ಒಂದು ಅಕ್ಷರ ಹಾಕು. ಕೆಳಗೆ ಹೆಸರು ತಾನಾಗೇ ಬರುತ್ತೆ. ಮೊದಲನೇದು ನಾನು. ಅದನ್ನ ಮುಟ್ಟು. ಬೇರೇನೂ ಮುಟ್ಟಬೇಡ."

ಅವಳು ಹಾಗೆಯೇ ಮಾಡಿದಳು. ಐದು ತಿಂಗಳು ಕಾಗದಗಳು ಹೋದವು, ಬಂದವು.

ಆರನೆಯ ತಿಂಗಳು ಅವನು ಬರೆದ: ಆ ಕಂಪನಿ ಬಿಟ್ಟೆ, ಬೇರೆ ಸೇರಿದೆ, ಹಳೇ ವಿಳಾಸ ಕಂಪನಿಯದು, ಇನ್ನು ಅದು ನನಗಿಲ್ಲ, ಇದು ಹೊಸದು. ಅವಳು ಓದಿದಳು. ಒಳ್ಳೆಯದಾಯಿತು ಎಂದುಕೊಂಡಳು. ಆಮೇಲೆ ಹೊಸ ಕಾಗದ ತೆರೆದು, ಒಂದು ಅಕ್ಷರ ಹಾಕಿ, ಮೊದಲು ಬಂದ ಹೆಸರನ್ನು ಮುಟ್ಟಿದಳು. ಅವನು ಹೇಳಿಕೊಟ್ಟದ್ದು ಅದೊಂದೇ ದಾರಿ.

ಅಲ್ಲಿಂದ ಅವನ ಕಾಗದಗಳ ಧಾಟಿ ಬದಲಾಯಿತು. ಯಾಕೆ ಬರೆಯುತ್ತಿಲ್ಲ ಎಂದು ಕೇಳಿದ. ಬರೆದಿದ್ದೇನಲ್ಲ ಎಂದು ಅವಳು ಬರೆದಳು. ನಾನೇನು ತಪ್ಪು ಮಾಡಿದೆ ಹೇಳು ಎಂದ. ಏನೂ ಇಲ್ಲ ಎಂದು ಎರಡು ಪುಟ ಬರೆದಳು. ಅವನ ಕಾಗದಗಳು ಚಿಕ್ಕವಾಗುತ್ತ ಬಂದವು. ಓದಿಯೂ ಓದದವನ ಹಾಗೆ ಯಾಕೆ ಆಡುತ್ತಿದ್ದಾನೆ... ಅಲ್ಲಿ ಬೇರೆ ಯಾರಾದರೂ ಸಿಕ್ಕಿರಬಹುದೇ? ನೆಪ ಹುಡುಕುತ್ತಿದ್ದಾನೆಯೇ? ಅವಳು ಯಾರನ್ನೂ ಕೇಳಲಿಲ್ಲ. ಅವನ ತಾಯಿಯನ್ನೂ ಕೇಳಲಿಲ್ಲ. ಹಿಂದಿನ ಬೀದಿಗೆ ಹೋಗುವುದನ್ನೇ ಬಿಟ್ಟಳು.

ಕೊನೆಯ ಕಾಗದ ಹೀಗಿತ್ತು: ಇಲ್ಲಿ ಇನ್ನೂ ಐದು ವರ್ಷಕ್ಕೆ ಸಹಿ ಹಾಕು ಅಂತಿದ್ದಾರೆ. ನೀನು ಬಾ ಅಂದರೆ ಬಂದುಬಿಡುತ್ತೇನೆ. ಒಂದು ಮಾತು ಬರೆ ಸಾಕು. ತಿಂಗಳ ಕೊನೆಯವರೆಗೂ ಕಾಯುತ್ತೇನೆ. ಸುಮ್ಮನಿದ್ದರೆ ಅದೇ ಉತ್ತರ.

ಅವಳು ಅಳುತ್ತ, ಒಂದಕ್ಷರ ಹಾಕಿ, ಮೊದಲು ಬಂದ ಹೆಸರನ್ನು ಮುಟ್ಟಿ, ಅವನು ಕೇಳಿದ್ದ ಆ ಮಾತನ್ನೇ ಬರೆದಳು.

'ಬಾ.'

ತಿಂಗಳು ಮುಗಿಯಿತು. ಅವನು ಬರಲಿಲ್ಲ. ಕಾಗದವೂ ಬರಲಿಲ್ಲ. ಅಷ್ಟೊಂದು ಅಗ್ಗವಾಗಿ ಹೋದೆನೇ ಎಂದುಕೊಂಡಳು ಸೂಜಿ. ಆಮೇಲೆ ಅವಳ ನಾಲಿಗೆಯ ಚೂಪೂ ಹೋಯಿತು, ನಗುವೂ ಹೋಯಿತು. ಚಾದರಗಳು ಮಾತ್ರ ಬರುತ್ತಿದ್ದವು, ಹೋಗುತ್ತಿದ್ದವು.

ಮೂರನೆಯ ವರ್ಷ ಅವನ ತಾಯಿ ಆ ಆಸ್ಪತ್ರೆಗೇ ಬಂದು ಮಲಗಿದರು. ಎರಡನೆಯ ಮಹಡಿ, ಕಿಟಕಿ ಪಕ್ಕದ ಮಂಚ. ನರ್ಸಮ್ಮ ಕೆಳಗಿಳಿದು ಬಂದು, ಆ ಅಜ್ಜಿ ಹೊಲಿಯುವ ಹುಡುಗಿಯನ್ನು ಒಂದು ಸಲ ನೋಡಬೇಕಂತೆ, ಬರುತ್ತೀಯಾ ಎಂದು ಕೇಳಿದಳು. ಅವಳು ತಲೆ ಎತ್ತಲಿಲ್ಲ.

"ರಜೆಯಲ್ಲಿದ್ದಾಳೆ ಅಂತ ಹೇಳಿಬಿಡಿ."

ಮರುದಿನ ಹರಿದ ಬಟ್ಟೆಗಳ ಗಂಟಿನಲ್ಲಿ ಒಂದು ರೋಗಿಯ ಅಂಗಿ ಬಂತು, ಆ ಕಿಟಕಿ ಪಕ್ಕದ ಮಂಚದ ಚೀಟಿ ಸಮೇತ. ಬೆನ್ನಿನ ಲಾಡಿ ಕಿತ್ತುಹೋಗಿತ್ತು. ಅವಳು ಎರಡೆಳೆ ನೂಲು ಹಾಕಿ, ಮತ್ತೆ ಕೀಳದ ಹಾಗೆ ಹೊಲಿದಳು. ನಾಳೆ ತಾನೇ ತೆಗೆದುಕೊಂಡು ಹೋಗುತ್ತೇನೆ ಎಂದುಕೊಂಡಳು.

ನಾಳೆಯ ಹೊತ್ತಿಗೆ ಆ ಮಂಚಕ್ಕೆ ಹೊಸ ಚಾದರ ಹಾಸಿದ್ದರು. ಅವಳು ಅಂಗಿಯನ್ನು ಚೀಟಿ ಸಮೇತ ನರ್ಸಮ್ಮನ ಕೈಗೆ ಕೊಟ್ಟು ಇಳಿದು ಬಂದಳು.

ಹೀಗೆ ಆರು ವರ್ಷ ಕಳೆಯಿತು. ನೂಲಿನ ವ್ಯಾಪಾರಿಯ ಹೆಸರೂ ಅದೇ ಅಕ್ಷರದಿಂದ ಶುರುವಾಗುತ್ತಿತ್ತು. ನೂಲು ತರಿಸಬೇಕಾದಾಗಲೆಲ್ಲ ಅಕ್ಷರ ಹಾಕಿದ ಕೂಡಲೇ ಲಿಫ್ಟಿನವನ ಹೆಸರು ಎಲ್ಲರಿಗಿಂತ ಮೇಲೆ ಬಂದು ನಿಲ್ಲುತ್ತಿತ್ತು. ಅವಳು ಕಣ್ಣು ತಪ್ಪಿಸಿ ಕೆಳಗಿನದನ್ನು ಹುಡುಕುತ್ತಿದ್ದಳು. ಒಂದು ಸೋಮವಾರ ಕೈ ತಪ್ಪಿತು. ಹನ್ನೆರಡು ಉಂಡೆ ಬಿಳಿ ನೂಲು ಬೇಗ ಕಳಿಸಿ ಎಂಬ ಕಾಗದ ಅವನಿಗೇ ಹೋಯಿತು.

ನಾಚಿಕೆಯಿಂದ ಅವಳ ಮುಖ ಕಾದುಹೋಯಿತು. ಇಷ್ಟರಲ್ಲಿ ಮದುವೆಯಾಗಿರುತ್ತಾನೆ, ಹೆಂಡತಿಗೆ ತೋರಿಸಿ ನಗುತ್ತಾನೇನೋ. ಅವತ್ತೇ ದಾಖಲೆ ಕೋಣೆಯ ಅಕ್ಕನನ್ನು ಕರೆತಂದಳು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ಬಾಯಿ ತುಂಬ ಮಾತಿನ ಹೆಂಗಸು.

"ಈ ವಿಳಾಸ ತೆಗೆದುಹಾಕಿಬಿಡಿ ಅಕ್ಕ. ಇನ್ನೊಂದ್ಸಲ ಕಣ್ಣಿಗೆ ಬೀಳಬಾರದು."

ಅಕ್ಕ ಕನ್ನಡಕ ಏರಿಸಿದಳು. ಹೆಸರು ತೆಗೆಯೋದು ಎರಡು ನಿಮಿಷದ ಕೆಲಸ, ನನ್ನ ಗಂಡನ ಬಾಯಿ ಮುಚ್ಚಿಸೋದಕ್ಕೇ ಮೂವತ್ತು ವರ್ಷ ಹಿಡೀತು ಎಂದು ನಗಿಸಲು ನೋಡಿದಳು. ಆಮೇಲೆ ಅಕ್ಷರ ಹಾಕಿ, ಪರದೆಯ ಹತ್ತಿರಕ್ಕೆ ಬಾಗಿದಳು.

"ಇದೇ ಹೆಸರಲ್ಲಿ ಎರಡಿದೆಯಲ್ಲೇ ಸೂಜಿ. ಯಾವುದು ಬೇಡ?"

"ಎರಡಾ?"

"ಮೇಲಿಂದು ಒಂದು ಕಂಪನಿದು. ಕೆಳಗಿಂದು ಅವನ ಸ್ವಂತದ್ದು. ನೀನು ಕಳಿಸಿದ್ದೆಲ್ಲ ಮೇಲಿಂದಕ್ಕೇ ಹೋಗಿದೆ. ಕೆಳಗಿಂದಕ್ಕೆ ಒಂದೂ ಹೋಗಿಲ್ಲ."

ಹೊಲಿಗೆ ಯಂತ್ರದ ಮೇಲಿದ್ದ ಚಾದರ ಜಾರಿ ನೆಲಕ್ಕೆ ಬಿತ್ತು. ಅವಳು ಎತ್ತಲಿಲ್ಲ.

"ತಪ್ಪಿಗೆ ಹೋಗಿದ್ದರೆ ವಾಪಸ್ ಬರ್ತಿರಲಿಲ್ವಾ ಅಕ್ಕ?"

"ಮುಚ್ಚಿದ್ದರೆ ಬರ್ತಿತ್ತು. ಇದನ್ನ ಮುಚ್ಚೇ ಇಲ್ಲ ಕಣೆ. ತೆರೆದು ನೋಡೋರು ಯಾರೂ ಇಲ್ಲ, ಅಷ್ಟೇ."

ಅವನು ಆ ಕಂಪನಿ ಬಿಟ್ಟ ಮೇಲೆ ಬರೆದದ್ದು ಇಪ್ಪತ್ತಮೂರು ಕಾಗದ. 'ಬಾ' ಎಂಬುದೂ ಅದರಲ್ಲೇ. ಆರು ವರ್ಷ ಅವನು ತನ್ನನ್ನು ಬೇಡ ಎಂದ ಎಂದುಕೊಂಡಿದ್ದಳು. ಅವನ ಕಣ್ಣಿನಲ್ಲಿ ಬೇಡ ಎಂದವಳು ತಾನು. ಅವನ ತಾಯಿಯ ಕಣ್ಣಿನಲ್ಲೂ...

ಅವಳು ಗೋಡೆಗೆ ಒರಗಿ ಕೂತಳು. ಅಕ್ಕ ಬಾಗಿಲು ಮುಂದಕ್ಕೆ ಮಾಡಿ, ಪಕ್ಕದಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಎದ್ದು, ಎರಡನೆಯದಕ್ಕೆ ಬರೆಯುವುದು ಹೇಗೆಂದು ತೋರಿಸಿದಳು. ಅವಳು ಬರೆದದ್ದು ಇಷ್ಟು: 'ಬಾ ಅಂದಿದ್ದೆ. ಅದು ನಿಮ್ಮ ಹಳೇ ವಿಳಾಸಕ್ಕೆ ಹೋಗಿತ್ತು. ಇವತ್ತು ಗೊತ್ತಾಯಿತು. ನೀವು ಈಗ ಯಾರವರಾಗಿದ್ದರೂ, ನಾನು ಬೇಡ ಅನ್ನಲಿಲ್ಲ ಅನ್ನೋದು ನಿಮಗೆ ಗೊತ್ತಿರಲಿ.'

ಒಂದು ವಾರ ಉತ್ತರವಿಲ್ಲ. ಎರಡು ವಾರ. ಈ ಬಾಗಿಲ ಹಿಂದೆಯೂ ಯಾರೂ ಇಲ್ಲವೇನೋ ಎಂದುಕೊಂಡಳು.

ಹದಿನೇಳನೆಯ ದಿನ ಮಧ್ಯಾಹ್ನ, ಚಾದರದ ಗಾಡಿ ತಳ್ಳಿಕೊಂಡು ಲಿಫ್ಟಿನ ಬಳಿ ಬಂದಾಗ, ಪಕ್ಕದ ಗೋಡೆಗೆ ಒರಗಿ ಒಬ್ಬ ನಿಂತಿದ್ದ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಪೆಟ್ಟಿಗೆ. ಅಂಗಿಯ ಜೇಬು ಹರಿದಿತ್ತು. ಅವಳು ಮುಖಕ್ಕಿಂತ ಮೊದಲು ನೋಡಿದ್ದು ಆ ಜೇಬನ್ನು. ಅದು ಸವೆದು ಹರಿದದ್ದು. ಹೊಲಿದುಕೊಡುವವರು ಯಾರೂ ಇಲ್ಲದೆ ಬಹಳ ದಿನವಾಗಿತ್ತು.

ಇಬ್ಬರೂ ಹೊಲಿಗೆ ಕೋಣೆಗೆ ಬಂದರು. ಅವಳೇ ಎಲ್ಲಕ್ಕಿಂತ ಕಷ್ಟದ್ದನ್ನು ಮೊದಲು ಹೇಳಿದಳು.

"ಅಮ್ಮ ಕರೆದಿದ್ದರು. ನಾನು ಹೋಗಲಿಲ್ಲ. ರಜೆ ಅಂತ ಸುಳ್ಳು ಹೇಳಿಸಿದೆ. ಇದನ್ನ ಕೇಳಿದ ಮೇಲೂ ಇಲ್ಲಿ ಕೂರಬೇಕು ಅನ್ನಿಸಿದರೆ ಕೂತ್ಕೊಳ್ಳಿ."

ಅವನು ನಿಂತೇ ಇದ್ದ. ಆಮೇಲೆ ಅವನು ನಿಧಾನವಾಗಿ ಹೇಳಿದ. ಅಮ್ಮ ಹೋದ ಮೇಲೆ ನಾಲ್ಕು ದಿನಕ್ಕೆ ಬಂದಿದ್ದೆ. ಇಲ್ಲಿ ಅವರ ಬಟ್ಟೆಬರೆ ಕೊಟ್ಟರು. ಅದರಲ್ಲಿ ಆಸ್ಪತ್ರೆಯ ಒಂದು ಅಂಗಿಯೂ ಸೇರಿಬಿಟ್ಟಿತ್ತು. ಲಾಡಿ ನೋಡಿದೆ. ಎರಡೆಳೆ ನೂಲು, ಹಿಂದಿನಿಂದ ಗಂಟು. ಆ ಗಂಟು ಯಾರದು ಅಂತ ನನಗೆ ಗೊತ್ತಿಲ್ಲವೇ...

"ಮೆಟ್ಟಿಲವರೆಗೂ ಬಂದೆ ಕಣೆ. ಹದಿನಾಲ್ಕು ಮೆಟ್ಟಿಲು ಇಳಿದರೆ ನೀನು. ಇಳೀಲಿಲ್ಲ. ನೀನು ಬೇಡ ಅಂದಿದ್ದೀಯ ಅಂತ ಅಹಂಕಾರ. ತಪ್ಪು ನಿನ್ನೊಬ್ಬಳದ್ದೇ ಅಲ್ಲ."

ಅವನು ಕೂತ.

ಹಳೇ ವಿಳಾಸದ ಬಾಗಿಲು ಅವನಿಗೂ ತೆರೆಯುತ್ತಿರಲಿಲ್ಲ. ಆದರೆ ಕಳಿಸಿದವುಗಳ ಪ್ರತಿ ಇಲ್ಲೇ ಉಳಿದಿರುತ್ತದೆ ಎಂದು ಅಕ್ಕ ತೋರಿಸಿಕೊಟ್ಟಿದ್ದಳು. ಅವನು ಒಂದೊಂದಾಗಿ ಓದಿದ. ಅವಳು ಪಕ್ಕದಲ್ಲಿ ಚಾದರದ ಅಂಚು ಹಿಡಿದು ಕೂತಿದ್ದಳು. ಬರೆದಿದ್ದೇನಲ್ಲ ಎಂಬ ಕಡೆ ಅವನು ಕಣ್ಣೊರೆಸಿಕೊಂಡ. ಎರಡು ಪುಟದ ಕಾಗದವನ್ನು ಎರಡು ಸಲ ಓದಿದ. ಕೊನೆಗೆ ಆ ಒಂದಕ್ಷರದ ಕಾಗದ ಬಂತು.

ಅವನು ಅವಳ ಕಡೆ ತಿರುಗಿದ.

"ಬಂದೆ."

ಅಲ್ಲಿಯವರೆಗೂ ಬಿಗಿಹಿಡಿದಿದ್ದ ಅವಳು ಆಗ ಅತ್ತಳು. ಅವನು ಅವಳ ಗಟ್ಟಿ ಬೆರಳುಗಳನ್ನು ಹಿಡಿದುಕೊಂಡ, ಅವನ ತಾಯಿ ಹಿಡಿದ ಹಾಗೆಯೇ. ಹೋದ ಆರು ವರ್ಷ ಅಳುವಿನಿಂದ ಬರುವುದಿಲ್ಲ, ಹೋದ ತಾಯಿಯೂ ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಇದರ ಕೆಳಗೆ ಇನ್ನೊಂದಿದೆ," ಎಂದ ಅವನು. "ಹನ್ನೆರಡು ಉಂಡೆ ಬಿಳಿ ನೂಲು. ಅದನ್ನ ತಂದಿಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಕೆನ್ನೆ ಒರೆಸಿಕೊಂಡು, ಹೊಸ ಕಾಗದ ತೆರೆದು, ಅಕ್ಷರ ಹಾಕಿದಳು. ಎರಡು ಹೆಸರೂ ಬಂದು ನಿಂತವು. ಅಳಿಸುವುದು ಹೇಗೆಂದು ಅಕ್ಕ ಕಲಿಸಿದ್ದಳು. ಆದರೂ ಒತ್ತುವ ಮೊದಲು ಅವನ ಕಡೆ ನೋಡಿದಳು.

"ಈಗ ತೆಗೀಲಾ?"

"ತೆಗಿ."

"ಯಾವುದು, ನೀವೇ ಹೇಳಿ. ನನಗೆ ಭಯ."

ಅವನು ಅವಳ ಕೈಯ ಮೇಲೆ ತನ್ನ ಕೈ ಇಟ್ಟ.

"ಮೊದಲನೇದು ಒಂದೇ. ಬೇರೇನೂ ಮುಟ್ಟಬೇಡ."