ಎಡಜೇಬಿನ ಪಿನ್ನು

"ಕುಣಿಯೋಕೆ ಬರದವ್ರು ನೆಲ ಅಳೀತಾರೆ, ಅಲ್ವಾ ಭಾವ?" ಎಂದಿದ್ದ ಹೆಂಡತಿಯ ತಮ್ಮ, ರೇಸಿನಲ್ಲಿ ಗೆದ್ದ ಕಪ್ಪನ್ನು ಊಟದ ಮೇಜಿನ ನಡುವೆ ಇಟ್ಟು. ಹೆಂಡತಿ ನಕ್ಕಿದ್ದಳು. ಭಾವ ಹವ್ಯಾಸಿ ಕಾರ್ ರೇಸ್ ಕ್ಲಬ್ಬಿನ ತಪಾಸಣಾಧಿಕಾರಿ. ಜನ ಅವನಿಗೆ ಎದ್ದು ನಿಲ್ಲುತ್ತಿದ್ದುದು ವಾರಕ್ಕೊಮ್ಮೆ, ಅದೂ ಎದೆಯ ಮೇಲಿನ ಬ್ಯಾಡ್ಜಿಗೆ. ಆ ಬ್ಯಾಡ್ಜನ್ನು ನೋಡಿ ಅವಳು ನಕ್ಕಿದ್ದಳು.

ಕೃತಘ್ನ ಭಾಮೈದ. ಮೂರು ವರ್ಷದಿಂದ ಭಾವ ಅವನ ಕಾರಿನ ಬಾನೆಟ್ಟನ್ನೂ ಎತ್ತದೆ 'ಸರಿಯಿದೆ' ಎಂದು ಸಹಿ ಹಾಕಿಕೊಟ್ಟಿದ್ದ. ಮನೆಯವನನ್ನು ಅನುಮಾನಿಸುವುದು ಸಭ್ಯತೆಯಲ್ಲ. ಅಲ್ಲದೆ, ಮೋಸ ಮಾಡುವುದಕ್ಕೂ ಸ್ವಲ್ಪ ಬುದ್ಧಿ ಬೇಕಲ್ಲ.

ನಿಯಮ ಸರಳ. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ಉಕ್ಕಿನ ರಿಂಗು. ಅದರ ತೂತಿನೊಳಗೆ ಅಧಿಕಾರಿಯ ಪಿನ್ನು ಇಳಿಯಬಾರದು. ಇಳಿದರೆ ತೂತು ದೊಡ್ಡದು, ಗಾಳಿ ಹೆಚ್ಚು, ವೇಗ ಹೆಚ್ಚು, ಚಾಲಕ ಕಳ್ಳ. ಭಾಮೈದನನ್ನು ಕಳ್ಳನೆನಿಸಲು ದಡ್ಡರಾದರೆ ರಿಂಗನ್ನು ಬದಲಿಸಲು ಹೊರಡುತ್ತಾರೆ. ಭಾವ ಪಿನ್ನನ್ನು ಬದಲಿಸಿದ. ಇನ್ನೊಂದನ್ನು ತಂದು, ಸ್ನಾನದ ಮನೆಯ ಬಾಗಿಲು ಹಾಕಿಕೊಂಡು, ಕೂದಲೆಳೆಯಷ್ಟು ಉಜ್ಜಿ, ಎಣ್ಣೆ ಹಚ್ಚಿ ಹಳೆಯದಾಗಿಸಿದ. ಅಸಲಿ ಎಡಜೇಬಿಗೆ, ಉಜ್ಜಿದ್ದು ಬಲಜೇಬಿಗೆ. ಯಾರಾದರೂ ಪಿನ್ನನ್ನೇ ಪ್ರಶ್ನಿಸಿದರೆ, ಅಸಲಿಯನ್ನು ಮುಂದಿಡಲು ಎಡಗೈ ಇದೆ.

ಭಾನುವಾರ ಭಾಮೈದ ಎಂದಿನಂತೆ ಗೆದ್ದ. ಅಧಿಕಾರಿ ಎಂದೂ ಇಲ್ಲದ ಶ್ರದ್ಧೆಯಿಂದ ಮೊದಲ ಮೂರೂ ಕಾರುಗಳ ರಿಂಗು ಬಿಚ್ಚಿಸಿದ. ಮೂರನೆಯವನದಕ್ಕೂ ಎರಡನೆಯವನದಕ್ಕೂ ಅಸಲಿ ಪಿನ್ನು ಇಳಿಯಲಿಲ್ಲ. ಬಲಜೇಬಿನದು ಭಾಮೈದನ ರಿಂಗಿನೊಳಗೆ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಇಳಿಯಿತು, ಎಣಿಸಿದ್ದಕ್ಕಿಂತಲೂ ಸಲೀಸಾಗಿ. ತನ್ನ ಕೈಚಳಕಕ್ಕೆ ತಾನೇ ತಲೆದೂಗಿ, ಎಲ್ಲರಿಗೂ ಕಾಣಲೆಂದು ರಿಂಗನ್ನು ಪಿನ್ನಿನ ಸಮೇತ ತಪಾಸಣೆ ಕೋಣೆಯ ಮೇಜಿನ ಮೇಲೆ ನಿಲ್ಲಿಸಿದ.

"ಹಂಗಾದ್ರೆ ಪಿನ್ನನ್ನೂ ಅಳೀರಿ!" ಎಂದ ಭಾಮೈದ, ಧಾರಾಕಾರವಾಗಿ ಬೆವರುತ್ತ.

"ಅಳೆಯೋಣ, ಅದಕ್ಕೇನಂತೆ." ಎಂದರು ಕ್ಲಬ್ಬಿನ ಅಧ್ಯಕ್ಷರು, ಲೋಹ ಕಡೆಯುವ ಲೇತ್ ಅಂಗಡಿಯವರು. ಅಧಿಕಾರಿಯ ಎಡಗೈ ಜೇಬು ತಲುಪುವ ಮೊದಲೇ ಮೇಜಿನ ಮೇಲಿದ್ದ ಪಿನ್ನನ್ನು ಎತ್ತಿಕೊಂಡು ಕೂದಲೆಳೆಯನ್ನೂ ಅಳೆಯುವ ವರ್ನಿಯರ್ ಹಿಡಿದರು. "ಏನ್ರೀ ಇದು, ಉಜ್ಜಿಬಿಟ್ಟಿದ್ದೀರಲ್ಲ! ಪಿನ್ನು ಸುಳ್ಳಾದ್ರೆ ತಪಾಸಣೆ ರದ್ದು. ನೀವೇ ಬರೆದ ನಿಯಮ. ಕಪ್ ಅವನದೇ. ನಿಮ್ಮ ಬ್ಯಾಡ್ಜ್ ಇಲ್ಲಿಡಿ."

ಇಟ್ಟ. ಭಾಮೈದ ಕಪ್ ಹೊತ್ತು, ಯಾರೋ ಬೆನ್ನಟ್ಟಿ ಬಂದಂತೆ ಬಾಗಿಲು ದಾಟಿದ. ಅಧ್ಯಕ್ಷರು ಕೈಯಲ್ಲಿ ವರ್ನಿಯರ್ ಇದೆಯಲ್ಲ ಎಂದು ರಿಂಗನ್ನೂ ಅಳೆದರು. ಅಳೆದವರು ಮತ್ತೊಮ್ಮೆ ಅಳೆದರು. "ಅಯ್ಯೋ, ತೂತು ಅರ್ಧ ಮಿಲಿಮೀಟರ್ ದೊಡ್ಡದೇ ಇದೆಯಲ್ರೀ," ಎಂದರು ಕನಿಕರದಿಂದ. "ನಿಮ್ಮ ಒಳ್ಳೇ ಪಿನ್ನೂ ಇಳೀತಿತ್ತು. ಮೂರು ವರ್ಷದಲ್ಲಿ ಒಂದ್ಸಲಾನೂ ಹಾಕಿ ನೋಡ್ಲಿಲ್ವಾ?"