ಅಮಾರೊದಲ್ಲಿ ಮುಳುಗಿದವರು

ವಿಲ್ಮರ್‌ನ ಶವ ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡಿತ್ತು. ದೋಣಿಯವರು ದಡಕ್ಕೆಳೆದರು. ಶವಾಗಾರದ ವೈದ್ಯ ಅನ್ಸೆಲ್ಮೊ ರುವೆದಾ 'ನೀರಿನಲ್ಲಿ ಮುಳುಗಿ ಸಾವು' ಎಂದು ಬರೆದು, ಪೆಟ್ಟಿಗೆಗೆ ಮೊಳೆ ಹೊಡೆಸಿಯೇ ಮನೆಗೆ ಕಳಿಸಿದರು.

ತಂಗಿ ಯಾಮಿಲೆ ನಂಬಲಿಲ್ಲ. ಅಣ್ಣ ಹನ್ನೆರಡು ವರ್ಷ ಅದೇ ನದಿಯಲ್ಲಿ ದೋಣಿ ನಡೆಸಿದವನು. ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲ. ಆಕೆ ರಾಜಧಾನಿ ಬೊಗೊಟಾಕ್ಕೆ ಪತ್ರ ಬರೆದಳು. ಅದನ್ನು ಹಿಡಿದು ತನಿಖಾಧಿಕಾರಿ ನೂಬಿಯಾ ಪೆಡ್ರಾಸಾ ಅಮಾರೊಗೆ ಬಂದಳು.

ನೂಬಿಯಾಳಿಗೆ ಈ ಊರಿನ ಮೇಲೆ ಮೊದಲೇ ಗುಮಾನಿಯಿತ್ತು. ಊರಿನ ಜನಸಂಖ್ಯೆ ಇಮ್ಮಡಿಯಾದರೂ ಪೆಟ್ರೋಲ್ ಬಂಕುಗಳು ಇಮ್ಮಡಿಯಾಗುವುದಿಲ್ಲ. ಕೊಲೆಗಳು ಮಾತ್ರ ಇಮ್ಮಡಿಯನ್ನೂ ಮೀರುತ್ತವೆ. ಅವಳು ಲೆಕ್ಕ ಹಾಕಿದ ಊರುಗಳೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದವು. ಆ ಲೆಕ್ಕದಲ್ಲಿ ಅಮಾರೊದ ನಾಲ್ಕು ಲಕ್ಷ ಜನಕ್ಕೆ ವರ್ಷಕ್ಕೆ ನೂರರ ಹತ್ತಿರ ಕೊಲೆಯಾಗಬೇಕಿತ್ತು. ದಾಖಲೆಯಲ್ಲಿದ್ದದ್ದು ಒಂಬತ್ತು.

"ನಮ್ಮದು ಶಾಂತವಾದ ಊರು ಸೆನ್ಯೋರಾ," ಎಂದ ಪೊಲೀಸ್ ಮುಖ್ಯಸ್ಥ ಮೇಜರ್ ಬರ್ರಗಾನ್. "ಅದೂ ತಪ್ಪಾ?"

ಶಾಂತವಾದ ಊರಿನಲ್ಲಿ ಸಂಜೆ ಐದಕ್ಕೇ ಅಂಗಡಿಗಳ ಬಾಗಿಲು ಬೀಳುತ್ತಿತ್ತು. ನದಿಯ ಕಡೆಯ ಕಿಟಕಿಗಳನ್ನು ಯಾರೂ ತೆರೆಯುತ್ತಿರಲಿಲ್ಲ. ಆ ನದಿಯ ಮೀನನ್ನು ಯಾರೂ ತಿನ್ನುತ್ತಿರಲಿಲ್ಲ. ಏಕೆಂದು ಕೇಳಿದರೆ ಜನ ಮಾತು ಬದಲಿಸುತ್ತಿದ್ದರು.

ಮೇಜರನೇ ಪ್ರಕರಣಗಳನ್ನು ಮುಚ್ಚಿಹಾಕುತ್ತಿದ್ದಾನೆ ಎಂದು ನೂಬಿಯಾ ಮೊದಲು ಅಂದುಕೊಂಡಳು. ಆದರೆ ಅವನ ಕಡತಗಳು ವೈದ್ಯರ ಪ್ರಮಾಣಪತ್ರಗಳಿಗೆ ಒಂದೊಂದಾಗಿ ತಾಳೆಯಾದವು. ಹಾಗಾದರೆ ಸಾವುಗಳು ಎಲ್ಲಿ ಹೋದವು? ಅವಳು ಬೇರೆ ಅಂಕಿಗಳನ್ನು ನೋಡಿದಳು. ರಸ್ತೆ ಅಪಘಾತ — ಸರಿ. ಜ್ವರ — ಸರಿ. ಮುಳುಗಿದವರು?

ಮರುದಿನ ಬೆಳಿಗ್ಗೆ ಯಾಮಿಲೆಯ ಜೊತೆ ಶವಾಗಾರಕ್ಕೆ ಹೋದಳು. ಯಾಮಿಲೆ ಬಾಗಿಲಲ್ಲೇ ನಿಂತಳು.

"ಹೋದ ವರ್ಷ ಎಂಬತ್ತೇಳು ಜನ ಮುಳುಗಿದ್ದಾರೆ ಡಾಕ್ಟ್ರೇ," ಎಂದಳು ನೂಬಿಯಾ. "ಒಂಬತ್ತು ಕೊಲೆ ಸೇರ್ಸಿದ್ರೆ ಈ ಊರಿನ ಲೆಕ್ಕ ಸರಿಹೋಗತ್ತೆ. ಯಾರೂ ಗಮನಿಸದೇ ಇದ್ದದ್ದು ಇನ್ನೊಂದಿದೆ. ಒಬ್ರನ್ನ ಬಿಟ್ರೆ ಎಲ್ಲಾ ಹರೆಯದ ಗಂಡಸ್ರು. ಒಂದು ಮಗು ಇಲ್ಲ. ನೀರು ಹೀಗೆ ಆರಿಸಿ ಆರಿಸಿ ಕೊಲ್ಲತ್ತಾ? ಬರೆದೋರು ನೀವು."

ವೈದ್ಯರು ಕೈಗವಸು ಕಳಚಿದರು.

"ಒಬ್ಬಳೇ ಒಬ್ಬ ಹೆಂಗಸಿದ್ದಾಳೆ," ಎಂದಳು ನೂಬಿಯಾ. "ಯಾರು?"

"ಫಾಬಿಯೊಲಾ. ನನ್ನ ಸಹಾಯಕಿ. ಅವಳು ಒಂದು ಶವಕ್ಕೆ 'ಗುಂಡೇಟು' ಅಂತ ನಿಜ ಬರೆದ್ಲು. ಮೂರನೇ ದಿನ, ಇವ್ರನ್ನೆಲ್ಲ ಕೊಂದು ನದಿಗೆ ಎಸೆಯೋ ಬಂದರಿನ ಗ್ಯಾಂಗಿನವರು ಅವಳ ಶವಾನೇ ತಂದು ಈ ಮೇಜಿನ ಮೇಲೆ ಮಲಗಿಸಿದ್ರು. ಏನು ಬರೀಬೇಕು ಅಂತ ಕೇಳಿದೆ. ನೀರು ಅಂದ್ರು. ಆಮೇಲೆ ನಾನು ಕೇಳಲೇ ಇಲ್ಲ."

"ಉಳಿದವರು ಯಾರಂತ ನೆನಪಿದ್ಯಾ?"

ಅವರು ಕುಳಿತರು. ಹೆಸರುಗಳನ್ನು ಹೇಳತೊಡಗಿದರು — ಪ್ರತಿ ಹೆಸರಿನ ಜೊತೆ ಗಾಯ ಎಲ್ಲಿತ್ತು ಎಂಬುದನ್ನೂ. ಒಂದನ್ನೂ ಮರೆತಿರಲಿಲ್ಲ. ಆ ಗಂಡಸರೆಲ್ಲ ದಿನವೂ ತಮ್ಮ ಜೊತೆಯಲ್ಲೇ ಮನೆಗೆ ಬರುತ್ತಾರೆ ಎಂದರು. ನೂಬಿಯಾ ಬರೆದುಕೊಳ್ಳುತ್ತ ಹೋದಳು.

"ವಿಲ್ಮರ್. ಬೆನ್ನಿಗೆ. ಒಂದೇ ಗುಂಡು."

ಯಾಮಿಲೆ ಒಳಗೆ ಬಂದಳು. "ತುಂಬಾ ನೋವಾಯ್ತಾ ಅವನಿಗೆ?"

ವೈದ್ಯರು ಎದ್ದು ಆಕೆಯ ಎದುರಿಗೆ ಬಂದರು.

"ಆಯ್ತಮ್ಮ," ಎಂದರು.